ಮಲೆನಾಡಿನ ಕೆಸರಿಗೂ ಲಡಾಖಿನ ದಾರಿಗೂ ಒಂದೇ ಅಡ್ವೆಂಚರ್ ಬೈಕು: ಚೈನೋ, ಶಾಫ್ಟೋ?

ಕಾಫಿತೋಟ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಅಡ್ವೆಂಚರ್ ಬೈಕೊಂದನ್ನು ಕೊಳ್ಳುವ ಮುನ್ನ ಬಲ್ಲವರನ್ನು ಕೇಳಬೇಕೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಮನೆಯಿಂದ ಟಾರು ರಸ್ತೆಗೆ ಬರುವ ದಾರಿ ಜಲ್ಲಿ ಮತ್ತು ಜಂಬಿಟ್ಟಿಗೆ ಮಣ್ಣಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಪೂರ್ತಿ ಕೆಂಪು ಕೆಸರು. ಕೆಲಸದ ನಿಮಿತ್ತ ಒಮ್ಮೆ ಚಿಕ್ಕಮಗಳೂರಿನ ಕಡೆಗೆ, ಇನ್ನೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಹೋಗಿಬರುವುದು ಇದ್ದೇ ಇರುತ್ತದೆ. ಇದರ ಜೊತೆಗೆ ಮುಂದಿನ ಬೇಸಿಗೆಯಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗುವ ಆಲೋಚನೆಯೂ ಇದೆ.

ಈಗಿರುವುದು ಹಳೆಯ 100 ಸಿಸಿ ಬೈಕು. ಅದರ ಚೈನು ಪೂರ್ತಿ ತಗಡಿನ ಕವರಿನೊಳಗೆ ಇರುವುದರಿಂದ ನಾನು ಅದನ್ನು ಕಣ್ಣಾರೆ ನೋಡಿದ್ದೇ ಕಡಿಮೆ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಬಿಗಿ ಮಾಡಿ, ಎಣ್ಣೆ ಬಿಟ್ಟು ಕೊಡುತ್ತಾರೆ, ಅಷ್ಟೆ. ಈಗ ನೋಡುತ್ತಿರುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್ ಮತ್ತು ಹೀರೋ ಎಕ್ಸ್‌ಪಲ್ಸ್ 210 ಈ ಮೂರರಲ್ಲೂ ಚೈನು ಬಯಲಿಗೆ ತೆರೆದುಕೊಂಡಿದೆ. ನಮ್ಮ ಕೆಸರಿನಲ್ಲಿ ಅದು ಎಷ್ಟು ದಿನ ಬಾಳೀತು ಎಂಬುದೇ ನನ್ನ ಚಿಂತೆ. ಪರಿಚಿತರೊಬ್ಬರ ಬಳಿ ಹಳೆಯ ಬಿಎಂಡಬ್ಲ್ಯು ಆರ್ 1200 ಜಿಎಸ್ ಮಾರಾಟಕ್ಕಿದೆ; ಅದರಲ್ಲಿ ಚೈನಿನ ಬದಲು ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ತಿರುಗುವ ದಂಡ ಇದೆ. ‘ಶಾಫ್ಟ್ ಬೈಕು ತೆಗೆದುಕೊಂಡರೆ ಚೈನಿನ ರಗಳೆಯೇ ಇರುವುದಿಲ್ಲ’ ಎಂಬುದು ಅವರ ವಾದ. ಹೊಸ ಬೈಕಿನ ಜೊತೆಗೆ ಆ ಕಡೆಗೂ ಒಂದು ಮನಸ್ಸಿದೆ. ಬೈಕುಗಳ ಹೋಲಿಕೆ ಮತ್ತು ಚೈನಿನ ಆರೈಕೆ ಎರಡರ ಬಗ್ಗೆಯೂ ದಯವಿಟ್ಟು ತಿಳಿಸಿ.


ಘಟ್ಟದಾರಿ, ಬೆಂಗಳೂರು

ನಿಮ್ಮ ಪಟ್ಟಿಯಲ್ಲಿ ಚೈನು ಎನ್ನುವುದು ಆಯ್ಕೆಯ ಅಳತೆಗೋಲೇ ಅಲ್ಲ ಎಂದು ಮೊದಲಿಗೆ ಹೇಳಿಬಿಡುತ್ತೇನೆ, ಏಕೆಂದರೆ ಈ ಬೆಲೆಯಲ್ಲಿ ಹೊಸದಾಗಿ ಸಿಗುವ ಎಲ್ಲ ಅಡ್ವೆಂಚರ್ ಬೈಕುಗಳೂ ಚೈನಿನವೇ. ಬೆಲೆ ಹೆಚ್ಚಾದರೂ ಈ ಮಾತು ಅಷ್ಟಾಗಿ ಬದಲಾಗುವುದಿಲ್ಲ: ಹೋಂಡಾ ಆಫ್ರಿಕಾ ಟ್ವಿನ್, ಟ್ರಯಂಫ್ ಟೈಗರ್ 900, ಡುಕಾಟಿ ಡೆಸರ್ಟ್‌ಎಕ್ಸ್ ಎಲ್ಲವೂ ಚೈನನ್ನೇ ನೆಚ್ಚಿಕೊಂಡಿವೆ. ದಶಕಗಳಿಂದ ಚೈನಿನ ಬದಲು ಬೆಲ್ಟಿಗೆ ಹೆಸರಾದ ಹಾರ್ಲೆ-ಡೇವಿಡ್‌ಸನ್ ಕೂಡ 2021ರಲ್ಲಿ ಪ್ಯಾನ್ ಅಮೆರಿಕಾ 1250 ತಂದಾಗ ಅದಕ್ಕೆ ಚೈನನ್ನೇ ಹಾಕಿತು. ಜಲ್ಲಿಕಲ್ಲೊಂದು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿಕೊಂಡರೆ ಬೆಲ್ಟು ಹರಿಯುವ ಅಪಾಯವಿದೆ; ಚೈನಾದರೆ ಅದೇ ಕಲ್ಲನ್ನು ಬಹುತೇಕ ಅರೆದು ಆಚೆಗೆ ಎಸೆಯುತ್ತದೆ. ಆದ್ದರಿಂದ ಬೈಕನ್ನು ಬೇರೆ ಗುಣಗಳಿಂದ ಆರಿಸಿಕೊಳ್ಳಿ, ಚೈನನ್ನು ಹೇಗೆ ನೋಡಿಕೊಳ್ಳಬೇಕೆಂದು ಆಮೇಲೆ ಕಲಿಯಿರಿ.

ಮೂರರಲ್ಲೂ ಮುಂದಿನ ಚಕ್ರ 21 ಇಂಚಿನದು, ಸಸ್ಪೆನ್ಷನ್ ಚಲನೆ ಹೆಚ್ಚುಕಡಿಮೆ 200 ಮಿ.ಮೀ. ವ್ಯತ್ಯಾಸವಿರುವುದು ಎಂಜಿನ್, ತೂಕ ಮತ್ತು ಪೆಟ್ರೋಲ್ ಟ್ಯಾಂಕಿನಲ್ಲಿ. ಹಿಮಾಲಯನ್ 450ರ 452 ಸಿಸಿ ಎಂಜಿನ್ 40 ಪಿಎಸ್ ಶಕ್ತಿಯನ್ನೂ 5,500 ಆರ್‌ಪಿಎಂನಲ್ಲಿ 40 ಎನ್‌ಎಂ ಟಾರ್ಕನ್ನೂ (ತಿರುಗಿಸಿ ಎಳೆಯುವ ಬಲ) ಕೊಡುತ್ತದೆ; ತೂಕ 196 ಕೆ.ಜಿ., ಟ್ಯಾಂಕು 17 ಲೀಟರ್. 2025ರಲ್ಲಿ ಬಂದ ಹೊಸ 390 ಅಡ್ವೆಂಚರಿನ 399 ಸಿಸಿ ಎಂಜಿನ್ 46 ಪಿಎಸ್ ಕೊಡುತ್ತದೆ, ಆದರೆ ಅದರ 39 ಎನ್‌ಎಂ ಟಾರ್ಕು ಪೂರ್ತಿ ಸಿಗುವುದು 6,500 ಆರ್‌ಪಿಎಂನಲ್ಲಿ, ಟ್ಯಾಂಕು 14.5 ಲೀಟರ್. ಎಕ್ಸ್‌ಪಲ್ಸ್ 210ರದು 24.6 ಪಿಎಸ್, 20.7 ಎನ್‌ಎಂ, 13 ಲೀಟರ್, ಮತ್ತು ತೂಕ 170 ಕೆ.ಜಿ.ಯ ಆಸುಪಾಸು.

ಟ್ಯಾಂಕಿನ ಅಳತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನಾಲಿ–ಲೇಹ್ ದಾರಿಯ ಟಾಂಡಿಯ ಬಂಕಿನಲ್ಲಿ ಮುಂದಿನ ಪಂಪು 365 ಕಿ.ಮೀ. ದೂರದಲ್ಲಿದೆ ಎಂಬ ಪ್ರಸಿದ್ಧ ಫಲಕವೇ ಇದೆ. ಲೀಟರಿಗೆ 28 ಕಿ.ಮೀ. ಎಂದು ಹಿಡಿದರೆ ಹಿಮಾಲಯನ್ 476 ಕಿ.ಮೀ., ಕೆಟಿಎಂ 406 ಕಿ.ಮೀ. ಓಡುತ್ತವೆ, ಎಕ್ಸ್‌ಪಲ್ಸ್ ಲೀಟರಿಗೆ 35 ಕೊಟ್ಟರೂ 455 ಆಗುತ್ತದೆ. ಸಾಮಾನು ಹೊತ್ತು ಸಣ್ಣ ಗೇರಿನಲ್ಲಿ ಘಾಟಿ ಏರುವಾಗ ಈ ಲೆಕ್ಕದಲ್ಲಿ ಒಂದಿಷ್ಟು ಕಳೆಯಲೇಬೇಕು. ಕೆಟಿಎಂ ಆದರೆ ಒಂದು ಕ್ಯಾನು ಜೊತೆಗಿರಲಿ.

ಬೆಲೆಯ ವಿಷಯದಲ್ಲಿ ಒಂದೇ ಮಾತು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18 ಆಗಿದೆ, ಅದಕ್ಕಿಂತ ದೊಡ್ಡವಕ್ಕೆ ಶೇ. 40. ಎಕ್ಸ್‌ಪಲ್ಸಿಗೂ ಉಳಿದೆರಡಕ್ಕೂ ಇರುವ ಅಂತರ ಇದರಿಂದ ಇನ್ನಷ್ಟು ಹಿಗ್ಗಿದೆ.

ಒಂದೇ ಬೈಕಿನಲ್ಲಿ ತೋಟವೂ ಲಡಾಖೂ ಆಗಬೇಕೆಂದರೆ ನಾನು ಹಿಮಾಲಯನ್ ಎನ್ನುತ್ತೇನೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಕೆಸರಿನಲ್ಲಿ ಒಬ್ಬರೇ ಓಡಾಡುವವರು, ಜಾರಿ ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕಾದವರು, ಸುಮಾರು 25 ಕೆ.ಜಿ. ಕಡಿಮೆ ತೂಗುವ ಎಕ್ಸ್‌ಪಲ್ಸನ್ನು ಒಮ್ಮೆಯಾದರೂ ಓಡಿಸಿ ನೋಡದೆ ತೀರ್ಮಾನಿಸಬಾರದು. ಹೆದ್ದಾರಿಯಲ್ಲಿ ಅದು ಏದುಸಿರು ಬಿಡುವುದು ನಿಜ. ಚಾರ್ಮಾಡಿಯ ತಿರುವುಗಳಲ್ಲಿ ಅದರ ಕೊರತೆ ಗೊತ್ತೇ ಆಗುವುದಿಲ್ಲ.


ಇಸಾರ್ ದಂಡೆ, ಮ್ಯೂನಿಕ್

ನಾನು ಧಾರವಾಡದವನು, ಈಗ ಬಹಳ ಕಾಲದಿಂದ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಶಾಫ್ಟ್ ಇರುವ ಜಿಎಸ್ ಬೈಕನ್ನೇ ಓಡಿಸುವುದರಿಂದ ಆ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಬಿಎಂಡಬ್ಲ್ಯು 1980ರಲ್ಲಿ ಆರ್ 80 ಜಿ/ಎಸ್ ತಂದಾಗಲೇ ಅದರಲ್ಲಿ ಶಾಫ್ಟ್ ಇತ್ತು. ಎಂಜಿನ್ನಿನ ತಿರುವು ಒಂದು ದಂಡದ ಮೂಲಕ ಹಿಂದಕ್ಕೆ ಹೋಗಿ, ಓರೆ ಹಲ್ಲಿನ ಎರಡು ಗೇರುಗಳ ಮೂಲಕ ಅಡ್ಡಕ್ಕೆ ತಿರುಗಿ ಚಕ್ರಕ್ಕೆ ಸೇರುತ್ತದೆ. ಇದರಲ್ಲಿ ಒಂದು ತೊಡಕಿತ್ತು: ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ ಸಣ್ಣ ಗೇರು ದೊಡ್ಡ ಗೇರನ್ನು ಹತ್ತಲು ಹೋಗಿ ಬೈಕಿನ ಹಿಂಭಾಗ ಮೇಲೇಳುತ್ತಿತ್ತು. 1987ರಲ್ಲಿ ಬಂದ ಪ್ಯಾರಾಲಿವರ್ ವ್ಯವಸ್ಥೆಯಲ್ಲಿ ಎರಡನೆಯ ಒಂದು ತೋಳನ್ನು ಸೇರಿಸಿ ಆ ನೂಕುವಿಕೆಯನ್ನು ಬಹುಮಟ್ಟಿಗೆ ತಡೆದರು. ಟ್ರಯಂಫ್ ಟೈಗರ್ 1200, ಮೋಟೋ ಗುಝಿ ವಿ85 ಟಿಟಿ ಮುಂತಾದವುಗಳಲ್ಲಿಯೂ ಶಾಫ್ಟ್ ಇದೆ.

ಶಾಫ್ಟಿನ ಸುಖ ನಿಜವಾದದ್ದು. ಆಲ್ಪ್ಸ್‌ನಲ್ಲಿ ದಿನವಿಡೀ ಮಳೆಯಲ್ಲಿ ಓಡಿಸಿ ಬಂದ ಮೇಲೆ ಜೊತೆಯವರು ಹೋಟೆಲಿನ ಅಂಗಳದಲ್ಲಿ ಬಗ್ಗಿಕೊಂಡು ಚೈನಿಗೆ ಎಣ್ಣೆ ಹಾಕುತ್ತಿರುವಾಗ ನಾನು ಊಟಕ್ಕೆ ಕೂತಿರುತ್ತೇನೆ. ಆದರೆ ಆರೈಕೆಯೇ ಬೇಡ ಎಂಬ ನಿಮ್ಮ ಪರಿಚಿತರ ಮಾತನ್ನು ಒಪ್ಪಲಾರೆ. ಹಿಂಬದಿಯ ಗೇರ್ ಪೆಟ್ಟಿಗೆಯಲ್ಲಿರುವ ಎಣ್ಣೆ ಕಾಲು ಲೀಟರಿಗೂ ಕಡಿಮೆ. ಅದನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸಲೇಬೇಕು. ದಂಡವನ್ನು ಮುಚ್ಚಿರುವ ರಬ್ಬರ್ ಬೂಟು ಹರಿದರೆ ಅಥವಾ ಸರಿಯಾಗಿ ಕೂರದಿದ್ದರೆ ನೀರು ಒಳಗೆ ಹೋಗಿ, ಕೀಲುಗಳೂ ಹಲ್ಲುಗಳೂ ತುಕ್ಕು ಹಿಡಿಯುತ್ತವೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಚೈನು ಹಾಳಾಗುವ ಮೊದಲು ಸದ್ದು ಮಾಡಿ, ಜೋತುಬಿದ್ದು, ಹಲವು ಬಾರಿ ಎಚ್ಚರಿಸುತ್ತದೆ. ಶಾಫ್ಟಿನ ಕೀಲು ಬಹುಪಾಲು ಎಚ್ಚರಿಸುವುದಿಲ್ಲ.

ಆ ಹಳೆಯ ಬೈಕನ್ನು ನೋಡಲೇಬೇಕೆಂದಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಬೇರಿಂಗನ್ನು ಅನುಮಾನಿಸಿ. ಗೇರ್ ಪೆಟ್ಟಿಗೆಯ ಸೀಲಿನ ಸುತ್ತ ಎಣ್ಣೆಯ ಜಿಡ್ಡಿದೆಯೇ, ಬರಿದು ಮಾಡಿದ ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ನೋಡಿ. ರಬ್ಬರ್ ಬೂಟನ್ನು ಬಿಚ್ಚಿ ಒಳಗೆ ತೇವವಿದೆಯೇ ಎಂದು ತೋರಿಸುವಂತೆ ಕೇಳಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಲಿ.

ಇಷ್ಟಾದರೂ ನನ್ನ ಸಲಹೆ ಬೇಡವೆಂದೇ. 2013ರ ನಂತರದ ವಾಟರ್ ಕೂಲ್ಡ್ ಆರ್ 1200 ಜಿಎಸ್ 238 ಕೆ.ಜಿ. ತೂಗುತ್ತದೆ. ಇಲ್ಲಿನ ಟಾರು ರಸ್ತೆಗಳಲ್ಲಿ ಆ ತೂಕ ಮರೆತೇ ಹೋಗುತ್ತದೆ, ಮೂಡಿಗೆರೆಯ ತೋಟದ ದಾರಿಯಲ್ಲಿ ಪ್ರತಿ ದಿನವೂ ನೆನಪಾಗುತ್ತದೆ. ಶಾಫ್ಟಿಗೆ ಕೈ ಹಾಕಬಲ್ಲ ಮೆಕ್ಯಾನಿಕ್ಕಿಗಾಗಿ ನೀವು ದೊಡ್ಡ ನಗರಕ್ಕೇ ಹೋಗಬೇಕು, ಬಿಡಿಭಾಗಕ್ಕಾಗಿ ಕಾಯಬೇಕು.


ಸ್ಪ್ಯಾನರ್, ಶಿವಮೊಗ್ಗ

ನನ್ನದು ಬೈಕ್ ಗ್ಯಾರೇಜು. ಆಗುಂಬೆ, ತೀರ್ಥಹಳ್ಳಿ, ಹೊಸನಗರ ಕಡೆಯ ಬೈಕುಗಳೇ ಹೆಚ್ಚು ಬರುವುದರಿಂದ ನಿಮ್ಮ ಕೆಸರು ನನಗೆ ಅಪರಿಚಿತವಲ್ಲ. ಕಾಫಿತೋಟ ಅವರೇ, ಚೈನು ಒಳಗಿನಿಂದ ಹೇಗಿದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದೆ ಯಾವ ಸಲಹೆಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ನೀವೇ ನಿರ್ಧರಿಸಬಹುದು.

ಪ್ರತಿ ಕೊಂಡಿಯಲ್ಲಿ ಒಂದು ಪಿನ್ನು ಒಂದು ಬುಷ್ಷಿನೊಳಗೆ ತಿರುಗುತ್ತಿರುತ್ತದೆ. ಆ ಎರಡರ ನಡುವೆ ಕಾರ್ಖಾನೆಯಲ್ಲಿಯೇ ಗ್ರೀಸು ತುಂಬಿ, ಅದು ಹೊರಗೆ ಬಾರದಂತೆ ಎರಡೂ ಬದಿಗೆ ರಬ್ಬರಿನ ಸಣ್ಣ ಉಂಗುರ ಹಾಕಿರುತ್ತಾರೆ. ಓ-ರಿಂಗ್, ಎಕ್ಸ್-ರಿಂಗ್ ಚೈನು ಎನ್ನುವುದು ಇದಕ್ಕೇ. ಚೈನಿನ ಆಯುಸ್ಸು ಇರುವುದು ಈ ಗ್ರೀಸಿನಲ್ಲಿ. ನಾವು ಮೇಲಿನಿಂದ ಹಾಕುವ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಅದು ರೋಲರು ಮತ್ತು ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಹಲ್ಲುಗಳ ತಿಕ್ಕಾಟ ತಗ್ಗಿಸಲು, ತುಕ್ಕು ತಡೆಯಲು, ಉಂಗುರಗಳು ಒಣಗಿ ಬಿರಿಯದಿರಲು. ಉಂಗುರ ಹೋದರೆ ಗ್ರೀಸು ಹೋಗುತ್ತದೆ, ಗ್ರೀಸು ಹೋದರೆ ಪಿನ್ನು ಸವೆಯುತ್ತದೆ, ನೂರಕ್ಕೂ ಹೆಚ್ಚು ಪಿನ್ನುಗಳ ಕೂದಲೆಳೆಯಷ್ಟು ಸವೆತ ಒಟ್ಟು ಸೇರಿ ಚೈನು ಉದ್ದವಾಗುತ್ತದೆ. ಉಕ್ಕು ಎಳೆದು ಉದ್ದವಾಗುವುದಲ್ಲ. ಹಾಗೆ ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರಿ, ಹಲ್ಲುಗಳನ್ನು ಕೊಕ್ಕೆಯಂತೆ ಸವೆಸುತ್ತದೆ.

ಹಾಗಾಗಿ ಮಲೆನಾಡಿನಲ್ಲಿ ಚೈನನ್ನು ಕೊಲ್ಲುವುದು ಮಳೆಗಿಂತ ಹೆಚ್ಚಾಗಿ ವಾಟರ್ ಸರ್ವಿಸ್. ಕೆಸರಾದ ಬೈಕನ್ನು ನೇರ ಅಲ್ಲಿಗೆ ಒಯ್ದು, ಪ್ರೆಷರ್ ಗನ್ನನ್ನು ಒಂದು ಗೇಣು ದೂರದಿಂದ ಚೈನಿನ ಬದಿಗೆ ಹಿಡಿದು ಫಳಫಳ ಹೊಳೆಯುವವರೆಗೆ ತೊಳೆಸುವವರಿದ್ದಾರೆ. ಆ ಒತ್ತಡದಲ್ಲಿ ನೀರು ಉಂಗುರವನ್ನು ದಾಟಿ ಒಳಗೆ ಹೋಗಿ ಗ್ರೀಸನ್ನು ಕೆಡಿಸುತ್ತದೆ. ಬೈಕನ್ನು ತೊಳೆಸಿ, ಚೈನಿನ ಕಡೆ ಗನ್ನು ಹಿಡಿಯಬೇಡಿ ಎಂದು ಹೇಳಿ. ಸಂಜೆ ಮನೆಗೆ ಬಂದ ಮೇಲೆ ಕೆಂಪು ಮಣ್ಣು ಒಣಗುವ ಮುನ್ನ ತೋಟದ ಪೈಪಿನ ಸಾಮಾನ್ಯ ನೀರನ್ನು ಹರಿಯಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಆಳವಾಗಿ ಸ್ವಚ್ಛಗೊಳಿಸಬೇಕಾದಾಗ ಸೀಮೆಎಣ್ಣೆ ಮತ್ತು ಮೃದುವಾದ ನೈಲಾನ್ ಬ್ರಷ್ಷು ಸಾಕು. ಪೆಟ್ರೋಲು, ತಿನ್ನರು ಬೇಡ, ಅವು ರಬ್ಬರನ್ನು ಕೆಡಿಸುತ್ತವೆ. ತಂತಿ ಬ್ರಷ್ಷು ಉಂಗುರವನ್ನು ಹರಿಯುತ್ತದೆ. ಸೀಮೆಎಣ್ಣೆ ಸಿಗದ ಕಡೆ ಡೀಸೆಲ್ ಬಳಸುವವರಿದ್ದಾರೆ. ಬಳಸಿದರೂ ಚೈನನ್ನು ಅದರಲ್ಲಿ ನೆನೆಹಾಕದೆ, ಕೂಡಲೇ ಒರೆಸಿಬಿಡಿ. ಒಂದು ಮಾತನ್ನು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ: ಚಕ್ರವನ್ನು ಕೈಯಲ್ಲಿಯೇ ತಿರುಗಿಸಬೇಕು. ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿಯುವುದು ಸುಲಭವೆನಿಸುತ್ತದೆ. ಬಟ್ಟೆಯ ಅಂಚು ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಹಿಂದೆಯೇ ಬೆರಳು ಹೋಗುತ್ತದೆ, ಕೈ ಬಿಡುವಷ್ಟು ಸಮಯವೂ ಸಿಗುವುದಿಲ್ಲ.

ಎಣ್ಣೆಯನ್ನು ಓಡಿಸಿ ಬಂದ ಮೇಲೆ, ಚೈನು ಇನ್ನೂ ಬೆಚ್ಚಗಿರುವಾಗ, ಕೆಳಗಿನ ಸಾಲಿನ ಒಳಮೈಗೆ ಹಾಕಿ. ಚಕ್ರ ತಿರುಗುವಾಗ ಅದು ತಾನಾಗಿಯೇ ಹೊರಕ್ಕೆ ಹರಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊರಮೈಯನ್ನು ಹಳೆಯ ಬನಿಯನ್ ಬಟ್ಟೆಯಿಂದ ಚೆನ್ನಾಗಿ ಒರೆಸಿ. 500 ಕಿ.ಮೀ.ಗೊಮ್ಮೆ ಎಂಬ ನಿಯಮ ಒಣ ಟಾರು ರಸ್ತೆಗೆ ಸರಿ; ಮಳೆಗಾಲದಲ್ಲಿ ಕಿಲೋಮೀಟರಿನ ಲೆಕ್ಕ ಬಿಟ್ಟು, ನೆನೆದು ಬಂದ ದಿನವೆಲ್ಲ ಒರೆಸಿ ತೆಳ್ಳಗೆ ಹಾಕುವುದು ಒಳ್ಳೆಯದು.


ಕಾಫಿತೋಟ, ಮೂಡಿಗೆರೆ

ಮೂವರಿಗೂ ಧನ್ಯವಾದಗಳು. ಇಸಾರ್ ದಂಡೆ ಅವರ ಮಾತಿನ ನಂತರ ಶಾಫ್ಟಿನ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ಎರಡನ್ನೂ ಓಡಿಸಿ ನೋಡಲು ಚಿಕ್ಕಮಗಳೂರಿಗೆ ಹೋಗುತ್ತೇನೆ.

ಇನ್ನು ಕೆಲವು ಸಂಶಯಗಳಿವೆ. ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಸ್ಪ್ರೇ ಒಳ್ಳೆಯದೋ, ಹಳೆಯ ಕಾಲದ 90 ನಂಬರ್ ಗೇರ್ ಆಯಿಲ್ ಒಳ್ಳೆಯದೋ? ಚೈನು ಎಷ್ಟು ಸಡಿಲವಿರಬೇಕು? ಹಳೆಯ ಬೈಕಿನಲ್ಲಿ ಮೆಕ್ಯಾನಿಕ್ ಅದನ್ನು ಚೆನ್ನಾಗಿ ಬಿಗಿ ಮಾಡಿಕೊಡುತ್ತಿದ್ದರು, ಬಿಗಿಯಾಗಿದ್ದಷ್ಟೂ ಒಳ್ಳೆಯದೆಂದೇ ತಿಳಿದಿದ್ದೆ. ಘಾಟಿ ಏರಲು ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಕಡಿಮೆ ಮಾಡಿಸಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ, ಅದು ಸರಿಯೇ?


ಘಟ್ಟದಾರಿ, ಬೆಂಗಳೂರು

ಎಣ್ಣೆಯ ವಿಷಯದಲ್ಲಿ ನನ್ನ ಮತ ವ್ಯಾಕ್ಸಿಗೆ. ಹಾಕಿ ಅರ್ಧ ಗಂಟೆ ಬಿಟ್ಟರೆ ಒಣಗಿ ಅಂಟಿಕೊಳ್ಳುತ್ತದೆ, ಚಕ್ರದ ರಿಮ್ಮಿಗೂ ಪ್ಯಾಂಟಿಗೂ ಸಿಡಿಯುವುದಿಲ್ಲ, ಮಳೆಯಲ್ಲಿ ಬೇಗ ತೊಳೆದೂ ಹೋಗುವುದಿಲ್ಲ. ಗೇರ್ ಆಯಿಲ್ ಅಗ್ಗ ಎನ್ನುವುದನ್ನು ಬಿಟ್ಟರೆ ನನಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಸ್ಪ್ರಾಕೆಟ್ಟಿನ ಲೆಕ್ಕ ಸರಳ. ಮುಂದೆ 15, ಹಿಂದೆ 45 ಹಲ್ಲುಗಳಿವೆ ಎಂದುಕೊಳ್ಳಿ, ಅನುಪಾತ 3.00. ಮುಂದೆ 14 ಮಾಡಿದರೆ 3.21 ಆಗುತ್ತದೆ. ಅದೇ ಪರಿಣಾಮವನ್ನು ಹಿಂದಿನಿಂದ ಪಡೆಯಲು 48 ಹಲ್ಲು ಬೇಕು. ಅಂದರೆ ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ. ಎಳೆತ ಶೇ. 7ರಷ್ಟು ಹೆಚ್ಚುತ್ತದೆ, ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ತಿರುಗಬೇಕಾಗುತ್ತದೆ. ಚಿಕ್ಕ ಸ್ಪ್ರಾಕೆಟ್ಟಿನ ಸುತ್ತ ಕೊಂಡಿಗಳು ಹೆಚ್ಚು ಮಡಚುವುದರಿಂದ ಸವೆತವೂ ತುಸು ಹೆಚ್ಚು. ಹಿಮಾಲಯನ್ನಿಗೆ ಇದರ ಅಗತ್ಯವಿಲ್ಲ. ಎಕ್ಸ್‌ಪಲ್ಸಿನಲ್ಲಿ ಇಬ್ಬರು ಸಾಮಾನು ಸಮೇತ ಲಡಾಖಿಗೆ ಹೋಗುವುದಾದರೆ ಮಾತ್ರ ಯೋಚಿಸಬಹುದು.

ಇದಕ್ಕಿಂತ ಮುಖ್ಯವಾದದ್ದು ಗೇರು ಬಳಸುವ ರೀತಿ. ಒಂದೇ ಸಿಲಿಂಡರಿನ ಎಂಜಿನ್ನು ಸ್ಫೋಟಕ್ಕೊಮ್ಮೆ ಚೈನನ್ನು ಹೊಡೆದೆಳೆಯುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರು ಹಾಕಿ ಎಳೆಸಿದರೆ ಈ ಹೊಡೆತ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹಿಮಾಲಯನ್ನಿನ ಟಾರ್ಕು ಚೆನ್ನಾಗಿದೆ ಎಂದು ನಾಲ್ಕನೇ ಗೇರಿನಲ್ಲಿ ಹೇರ್‌ಪಿನ್ ತಿರುವು ಹತ್ತಿಸುವವರು ಚೈನನ್ನೂ ಹಿಂದಿನ ಹಬ್ ರಬ್ಬರನ್ನೂ (ಚಕ್ರದ ನಡುಭಾಗದಲ್ಲಿ ಹೊಡೆತ ತಾಳುವ ರಬ್ಬರು) ಬೇಗ ಮುಗಿಸುತ್ತಾರೆ.


ಸ್ಪ್ಯಾನರ್, ಶಿವಮೊಗ್ಗ

ಘಟ್ಟದಾರಿ ಅವರ ಕೊನೆಯ ಮಾತಿಗೆ ಪೂರ್ತಿ ಒಪ್ಪಿಗೆ, ಮೊದಲನೆಯದಕ್ಕೆ ಇಲ್ಲ. ವ್ಯಾಕ್ಸು ನಗರಕ್ಕೆ, ಹೆದ್ದಾರಿಗೆ ಚೆನ್ನ. ಆದರೆ ಕೆಸರಿನಲ್ಲಿ ಓಡುವ ಬೈಕಿನಲ್ಲಿ, ಹಳೆಯ ಪದರವನ್ನು ತೆಗೆಯದೆ ಅದರ ಮೇಲೆಯೇ ಮತ್ತೆ ಮತ್ತೆ ಹಾಕುತ್ತ ಹೋಗುವುದರಿಂದ, ಮರಳು ಸೇರಿದ ಗಟ್ಟಿ ಪದರವೊಂದು ಕೊಂಡಿಗಳ ನಡುವೆ ಕೂರುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ಕವರು ಬಿಚ್ಚಿದರೆ ಅಲ್ಲಿ ಸಿಗುವುದು ಕರಿ ಮಣ್ಣಿನ ಉಂಡೆ. ಗೇರ್ ಆಯಿಲ್ ಸಿಡಿಯುತ್ತದೆ ನಿಜ, ಹಾಗೆ ಸಿಡಿಯುವಾಗ ಒಂದಿಷ್ಟು ಕೊಳೆಯನ್ನೂ ಒಯ್ಯುತ್ತದೆ. ತೆಳ್ಳಗೆ ಹಾಕಿ ಒರೆಸಿದರೆ ರಿಮ್ಮು ಹಾಳಾಗುವಷ್ಟು ಸಿಡಿಯುವುದೂ ಇಲ್ಲ. ಹಿಂದಿನ ಟೈರಿಗೆ ತಾಗದಂತೆ ಮಾತ್ರ ಎಚ್ಚರವಿರಲಿ.

ಬಿಗಿಯ ಪ್ರಶ್ನೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅಡ್ವೆಂಚರ್ ಬೈಕುಗಳಲ್ಲಿ ನಾನು ಕಾಣುವ ಹಾನಿಯಲ್ಲಿ ಹೆಚ್ಚಿನದು ಅತಿಯಾದ ಬಿಗಿಯಿಂದ ಆದದ್ದು. ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೀಲು, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಈ ಮೂರರ ನಡುಬಿಂದುಗಳು ಒಂದೇ ಗೆರೆಗೆ ಬಂದಾಗ ಸ್ಪ್ರಾಕೆಟ್ಟುಗಳ ನಡುವಿನ ದೂರ ಅತಿ ಹೆಚ್ಚಾಗಿರುತ್ತದೆ, ಚೈನು ಅತಿ ಬಿಗಿಯಾಗಿರುತ್ತದೆ. ಬೈಕು ಖಾಲಿ ನಿಂತಿರುವಾಗ ಸ್ವಿಂಗ್ ಆರ್ಮು ಕೆಳಕ್ಕೆ ಇಳಿದಿರುತ್ತದೆ. ಸಸ್ಪೆನ್ಷನ್ ಚಲನೆ 200 ಮಿ.ಮೀ. ಇರುವ ಬೈಕಿನಲ್ಲಿ ಈ ಇಳಿತವೂ ಹೆಚ್ಚು. ನೀವು ಖಾಲಿ ಬೈಕಿನಲ್ಲಿ ಚೈನನ್ನು ತಂತಿಯಂತೆ ಬಿಗಿದರೆ, ಸವಾರ ಕುಳಿತು ಸಾಮಾನು ಹೇರಿ ಗುಂಡಿಗೆ ಇಳಿದ ಕ್ಷಣದಲ್ಲಿ ಚೈನಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಆಗ ಅದು ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟನ್ನೇ (ಮುಂದಿನ ಸ್ಪ್ರಾಕೆಟ್ಟು ಕೂತಿರುವ ದಂಡ) ಎಳೆಯುತ್ತದೆ. ಅದರ ಬೇರಿಂಗು ಸವೆಯುತ್ತದೆ, ಆಯಿಲ್ ಸೀಲು ಸೋರುತ್ತದೆ. ಬೇರಿಂಗು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಅದರ ಮುಂದೆ ಚೈನ್ ಸ್ಪ್ರಾಕೆಟ್ ಕಿಟ್ಟಿನ ಬೆಲೆ ಏನೇನೂ ಅಲ್ಲ.

ಎಷ್ಟು ಸಡಿಲ ಎನ್ನುವುದು ಕೈಪಿಡಿಯಲ್ಲಿರುತ್ತದೆ, ಹಲವು ಬೈಕುಗಳಲ್ಲಿ ಸ್ವಿಂಗ್ ಆರ್ಮಿನ ಮೇಲಿನ ಸ್ಟಿಕ್ಕರಿನಲ್ಲಿಯೂ ಇರುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ, ಚಕ್ರ ಎತ್ತಿ ಅಳೆಯಬೇಕೋ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಿ, ಎರಡಕ್ಕೂ ಅಂಕಿ ಬೇರೆ. ಚಕ್ರವನ್ನು ತಿರುಗಿಸುತ್ತ ಹಲವು ಕಡೆ ಅಳೆದು, ಅತಿ ಬಿಗಿಯಾದ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹೊಸ ಬೈಕು ಬಂದ ಮೇಲೆ ಒಮ್ಮೆ ಇಬ್ಬರನ್ನು ಕೂರಿಸಿ ಹಿಂಭಾಗವನ್ನು ಒತ್ತಿಸಿ, ಮೂರೂ ಬಿಂದುಗಳು ಒಂದೇ ಗೆರೆಗೆ ಬಂದಾಗ ಚೈನಿನಲ್ಲಿ ಇನ್ನೂ ಸ್ವಲ್ಪ ಆಟ ಉಳಿದಿದೆಯೇ ನೋಡಿ. ಅನುಮಾನ ಬಂದರೆ ಕೂದಲೆಳೆಯಷ್ಟು ಸಡಿಲದ ಕಡೆಗೇ ಇರಲಿ.

ಬಿಗಿ ಮಾಡುವಾಗ ಎರಡೂ ಬದಿಯ ಬೋಲ್ಟನ್ನು ಸಮನಾಗಿ ತಿರುಗಿಸಿ. ಸ್ವಿಂಗ್ ಆರ್ಮಿನ ಗುರುತುಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಕೀಲಿನ ನಡುಬಿಂದುವಿನಿಂದ ಆಕ್ಸಲ್ಲಿನ ನಡುಬಿಂದುವಿಗೆ ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ಚಕ್ರ ಓರೆಯಾಗಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಒಂದೇ ಬದಿಗೆ ಉಜ್ಜಿ ಹೊಳೆಯುತ್ತಿರುತ್ತದೆ. ಆಕ್ಸಲ್ ನಟ್ಟು ಬಿಗಿಯುವ ಮುನ್ನ ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಮಡಚಿದ ಬಟ್ಟೆಯೊಂದನ್ನಿಟ್ಟು ಚಕ್ರವನ್ನು ಹಿಮ್ಮುಖವಾಗಿ ಒತ್ತಿದರೆ ಆಕ್ಸಲ್ಲು ಅಡ್ಜಸ್ಟರಿಗೆ ಆತು ಕೂರುತ್ತದೆ. ನಟ್ಟು ಬಿಗಿಯುವಾಗ ಅಳತೆ ಕದಲುವುದಿಲ್ಲ.

ಚೈನು ಮುಗಿಯಿತೆಂದು ತಿಳಿಯಲು, ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದುಬಂದರೆ ಕಾಲ ಮುಗಿದಿದೆ. ಕರಾರುವಾಕ್ಕಾಗಿ ಬೇಕೆಂದರೆ ಅಳೆಯಬಹುದು: 520 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನದಕ್ಕೆ 15.875 ಮಿ.ಮೀ., ಇಪ್ಪತ್ತು ಕೊಂಡಿಗೆ 317.5 ಮಿ.ಮೀ. ಇದು 320.7 ದಾಟಿತೆಂದರೆ ಶೇ. 1ರಷ್ಟು ಉದ್ದವಾಗಿದೆ, ಹೊಸದಕ್ಕೆ ಸಿದ್ಧರಾಗಬೇಕು. ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸಿ. ಹಳೆಯ ಹಲ್ಲಿಗೆ ಹಾಕಿದ ಹೊಸ ಚೈನು ಹಳೆಯದರ ಅಳತೆಗೇ ಬೇಗ ಸವೆಯುತ್ತದೆ. ಚಕ್ರ ಬಿಚ್ಚಿದಾಗಲೇ ಹಬ್ ರಬ್ಬರನ್ನೂ ನೋಡಿಸಿ. ಸ್ಪ್ರಾಕೆಟ್ಟನ್ನು ಹಿಡಿದು ತಿರುಗಿಸಿದಾಗ ಲೊಡಲೊಡ ಎಂದರೆ ಅದನ್ನೂ ಹೊಸದು ಹಾಕಿಸಿ.


ಕಡಲತೀರ, ಕಾರವಾರ

ಇಲ್ಲಿಯವರೆಗೆ ಬಂದದ್ದಕ್ಕೆ ಲಡಾಖಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನಾನು ಎಣ್ಣೆಯ ವಾದದಲ್ಲಿ ಸ್ಪ್ಯಾನರ್ ಅವರ ಪರ, ನಮ್ಮ ಉಪ್ಪು ಗಾಳಿಗೆ ವ್ಯಾಕ್ಸಿನ ಅಡಿಯಲ್ಲಿಯೂ ತುಕ್ಕು ಬಂದದ್ದನ್ನು ನೋಡಿದ್ದೇನೆ. ಆದರೆ ನುಬ್ರಾ ಕಣಿವೆಯ ಹುಂಡರಿನ ಮರಳಿನಂಥ ಕಡೆ ಯಾವ ಎಣ್ಣೆಯೂ ಬೇಡ. ಅಲ್ಲಿಗೆ ಇಳಿಯುವ ಮುನ್ನ ಚೈನನ್ನು ಒಣಗಿಸಿ ಒರೆಸಿ. ಎಣ್ಣೆಗೆ ಅಂಟಿದ ನುಣ್ಣನೆ ಮರಳು ಹಲ್ಲನ್ನು ಅರೆಯುತ್ತದೆ. ಮರಳು ದಾಟಿದ ಮೇಲೆ ಬ್ರಷ್ಷಿನಿಂದ ಕೊಡವಿ, ರಾತ್ರಿ ತಂಗಿದಲ್ಲಿ ಎಣ್ಣೆ ಹಾಕಿ. ಮನಾಲಿ–ಲೇಹ್ ದಾರಿಯ ಝಿಂಗ್‌ಝಿಂಗ್‌ಬಾರ್ ಆಸುಪಾಸಿನಲ್ಲಿ ಮಧ್ಯಾಹ್ನದ ನಂತರ ಹಿಮ ಕರಗಿದ ನೀರು ರಸ್ತೆಯ ಮೇಲೆಯೇ ಹರಿಯುತ್ತದೆ, ಅದನ್ನು ದಾಟಿದ ದಿನವೂ ಹಾಗೆಯೇ ಮಾಡಬೇಕು.

ಚೈನು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊರಡುವ ಮುನ್ನವೇ ಹೊಸ ಕಿಟ್ಟು ಹಾಕಿಸಿ, ಕೆಲವು ನೂರು ಕಿ.ಮೀ. ಊರಿನಲ್ಲೇ ಓಡಿಸಿ ಮತ್ತೊಮ್ಮೆ ಬಿಗಿ ನೋಡಿಸಿಕೊಂಡು ಹೊರಡಿ. ಜೊತೆಗೆ ಆಕ್ಸಲ್ ನಟ್ಟಿನ ಸ್ಪ್ಯಾನರು, ಸಣ್ಣ ಬಾಟಲಿಯಲ್ಲಿ ಗೇರ್ ಆಯಿಲು, ಚೈನ್ ಬ್ರೇಕರು (ಕೊಂಡಿಯ ಪಿನ್ನು ಹೊರದೂಡುವ ಸಾಧನ), ಅದೇ ಅಳತೆಯ ಎರಡು ಬಿಡಿ ಕೊಂಡಿ ಮತ್ತು ಚೈನಿನ ತುದಿಗಳನ್ನು ಸೇರಿಸುವ ಲಾಕುಗಳಿರಲಿ. ನಿಮ್ಮ ಚೈನಿನಲ್ಲಿರುವುದು ರಿವೆಟ್ ಕೊಂಡಿಯೇ ಆಗಿದ್ದರೂ ದಾರಿಯಲ್ಲಿ ರಿವೆಟ್ ಮಾಡುವುದು ಕಷ್ಟ, ಆದ್ದರಿಂದ ಕ್ಲಿಪ್ ಇರುವ ಲಾಕನ್ನೇ ಒಯ್ಯಿರಿ. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗಿರಬೇಕು, ತೆರೆದ ಬಾಯಿ ಹಿಂದಕ್ಕೆ. ಲೇಹ್ ತಲುಪಿದ ಮೇಲೆ ಅದನ್ನು ತೆಗೆಸಿ ರಿವೆಟ್ ಮಾಡಿಸಬಹುದು.


ಕಾಫಿತೋಟ, ಮೂಡಿಗೆರೆ

ಎರಡೂ ಬೈಕುಗಳನ್ನು ಓಡಿಸಿ ನೋಡಿದೆ. ಎಕ್ಸ್‌ಪಲ್ಸ್ ಕೆಸರಿನಲ್ಲಿ ಹಗುರವೆನಿಸಿದರೂ ಮನೆಯವರನ್ನು ಕೂರಿಸಿಕೊಂಡು ಹೋಗುವ ದಿನಗಳೇ ಹೆಚ್ಚಿರುವುದರಿಂದ ಹಿಮಾಲಯನ್ನಿಗೆ ಮುಂಗಡ ಕೊಟ್ಟಿದ್ದೇನೆ. ಸೆಂಟರ್ ಸ್ಟ್ಯಾಂಡನ್ನು ಬೇರೆಯಾಗಿ ಕೊಳ್ಳಬೇಕಂತೆ. ಅದನ್ನು ಹಾಕಿಸುವುದೋ, ಮನೆಯಲ್ಲಿ ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡು) ಇಟ್ಟುಕೊಂಡರೆ ಸಾಕೋ?


ಸ್ಪ್ಯಾನರ್, ಶಿವಮೊಗ್ಗ

ಸೆಂಟರ್ ಸ್ಟ್ಯಾಂಡನ್ನೇ ಹಾಕಿಸಿ. ತೂಕ ಸ್ವಲ್ಪ ಹೆಚ್ಚುತ್ತದೆ, ದೊಡ್ಡ ಕಲ್ಲು ದಾಟುವಾಗ ಕೆಳಗೆ ತಾಗುವುದೂ ಉಂಟು. ಆದರೂ ಪ್ಯಾಡಾಕ್ ಸ್ಟ್ಯಾಂಡು ಮನೆಯಲ್ಲಿಯೇ ಉಳಿಯುತ್ತದೆ, ನಿಮಗೆ ಚಕ್ರ ಎತ್ತಬೇಕಾಗುವುದು ಮನಾಲಿ–ಲೇಹ್ ದಾರಿಯ ಸರ್ಚುವಿನಲ್ಲಿ. ಪ್ಯಾಡಾಕ್ ಬಳಸುವುದಕ್ಕೂ ಸಮತಟ್ಟಾದ ಗಟ್ಟಿ ನೆಲ ಬೇಕು, ತೋಟದ ಅಂಗಳದಲ್ಲಿ ಅದು ಹೂತುಕೊಳ್ಳುತ್ತದೆ. ಡೆಲಿವರಿಯ ದಿನವೇ ಚೈನಿನ ಸಡಿಲವನ್ನು ಅಳೆದು ಬರೆದಿಟ್ಟುಕೊಳ್ಳಿ. ಹೊಸ ಚೈನು ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಉಳಿದ ಕಾಲಕ್ಕಿಂತ ಬೇಗ ಸಡಿಲವಾಗುತ್ತದೆ, ಆದ್ದರಿಂದ ಮೊದಲ ಸರ್ವಿಸಿನವರೆಗೆ ಕಾಯದೆ ನಡುವೆ ಒಮ್ಮೆ ನೋಡಬೇಕು.